ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಅವರು ಭಾರತದಲ್ಲಿ ಸೇವೆ ಸಲ್ಲಿಸಿದ ಇಂಗ್ಲೆಂಡಿನ ಭೂವಿಜ್ಞಾನಿ ಹಾಗೂ ಪ್ರಾಗಿತಿಹಾಸ ಸಂಶೋಧಕರು. ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ಅವರನ್ನು ಕರೆಯಲಾಗುತ್ತದೆ. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಉಪಕರಣವನ್ನು ಗುರುತಿಸಿದ್ದರಿಂದ ಅವರ ಹೆಸರು ಚರಿತ್ರೆಯಲ್ಲಿ ನಿಂತಿತು. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ ಧಾರವಾಡ ಶಿಲಾವರ್ಗದ ನಾಮಕರಣ, ಬಳ್ಳಾರಿ ಜಿಲ್ಲೆಯ ಭೂವೈಜ್ಞಾನಿಕ ಸಮೀಕ್ಷೆ ಮತ್ತು ಆ ಜಿಲ್ಲೆಯ ನವಶಿಲಾಯುಗದ ನೆಲೆಗಳ ಶೋಧನೆ ಅವರ ಮುಖ್ಯ ಕೊಡುಗೆಗಳು. ಅವರ ಜೀವನದ ಜೊತೆಗೆ ಅವರು ಸುತ್ತಾಡಿದ ಬಳ್ಳಾರಿ ಸೀಮೆಯ ಮಣ್ಣಿನ ವಿಚಾರವನ್ನೂ ಈ ಲೇಖನದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲಾಗಿದೆ. ಕಪ್ಪುಮಣ್ಣಿನ ಬಗ್ಗೆ ಶಾಲೆಯಲ್ಲಿ ಕಲಿಯುವ ಒಂದು ಮಾತು ಈ ಜಿಲ್ಲೆಯ ನೆಲಕ್ಕೆ ಹೊಂದುವುದಿಲ್ಲ. ಅದೇಕೆ ಎಂಬುದನ್ನು ತಿಳಿಯಲು ಫೂಟ್ ಅವರ ಸಮೀಕ್ಷೆಯೇ ಒಳ್ಳೆಯ ದಾರಿ.

ಜನನ ಮತ್ತು ವೃತ್ತಿಯ ಆರಂಭ

ಫೂಟ್ ಅವರು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. 1858ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿದರು. ಆಗ ಆ ಸಂಸ್ಥೆ ಸ್ಥಾಪನೆಯಾಗಿ ಏಳೇ ವರ್ಷಗಳಾಗಿದ್ದವು; ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥರಾಗಿದ್ದರು. ಫೂಟ್ ಅವರನ್ನು ಮದರಾಸು ಪ್ರಾಂತಕ್ಕೆ ನಿಯೋಜಿಸಲಾಯಿತು. ಮದರಾಸು, ಹೈದರಾಬಾದು ಮತ್ತು ಮುಂಬಯಿ ಕರ್ನಾಟಕದ ಪ್ರದೇಶಗಳಲ್ಲಿ ಸಮೀಕ್ಷೆ ನಡೆಸುತ್ತ 33 ವರ್ಷ ದುಡಿದು 1891ರಲ್ಲಿ ನಿವೃತ್ತರಾದರು. ತಮಿಳು ವಿದ್ವಾಂಸರೂ ಪಾದ್ರಿಗಳೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಪುತ್ರಿಯನ್ನು ವಿವಾಹವಾಗಿದ್ದರು.

ಆ ಕಾಲದ ಭೂವಿಜ್ಞಾನಿಯ ಕೆಲಸವೆಂದರೆ ನಡಿಗೆ ಮತ್ತು ಕುದುರೆ ಸವಾರಿ. ಮಳೆಗಾಲ ಮುಗಿದ ಮೇಲೆ ಡೇರೆಯೊಂದಿಗೆ ಹೊರಟು, ಬೇಸಿಗೆ ಬಲಿಯುವವರೆಗೆ ಹಳ್ಳದಿಂದ ಹಳ್ಳಕ್ಕೆ, ಗುಡ್ಡದಿಂದ ಗುಡ್ಡಕ್ಕೆ ತಿರುಗಿ, ಎಲ್ಲಿ ಯಾವ ಶಿಲೆ ಮುಗಿದು ಯಾವ ಶಿಲೆ ಆರಂಭವಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕಾಗಿತ್ತು. ಬಂಡೆ ಹೊರಗೆ ಕಾಣದ ಕಡೆ ಬಾವಿಯ ಗೋಡೆ, ಹಳ್ಳದ ದಂಡೆ, ರಸ್ತೆಗೆ ಅಗೆದ ಗುಂಡಿಗಳೇ ಆಧಾರ. ಹೀಗೆ ನೆಲದ ಸೀಳುನೋಟವನ್ನು ಮೇಲಿನಿಂದ ಕೆಳಕ್ಕೆ ಓದುವ ಅಭ್ಯಾಸ ಅವರಿಗಾಯಿತು. ಅವರ ಎಲ್ಲ ಶೋಧನೆಗಳ ಹಿಂದೆ ಈ ಅಭ್ಯಾಸವೇ ಇದೆ.

ಪಲ್ಲಾವರಂ ಶೋಧನೆ

1859ರಲ್ಲಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು, ಫ್ರಾನ್ಸಿನ ನದೀತೀರದ ಜಲ್ಲಿಯಲ್ಲಿ ದೊರೆತ ಕಲ್ಲುಗಳು ಮನುಷ್ಯ ನಿರ್ಮಿತವೆಂದೂ ಅವು ಅತಿ ಪ್ರಾಚೀನವೆಂದೂ ದೃಢಪಡಿಸಿದ್ದರು. ಈ ಸುದ್ದಿ ಫೂಟ್ ಅವರನ್ನು ಎಚ್ಚರಗೊಳಿಸಿತು. 1863ರ ಮೇ 30ರಂದು ಪಲ್ಲಾವರಂನ ಜಂಬಿಟ್ಟಿಗೆಯ ಜಲ್ಲಿಗುಂಡಿಯೊಂದರಲ್ಲಿ ಅವರಿಗೆ ಕೆತ್ತಿದ ಕಲ್ಲೊಂದು ಸಿಕ್ಕಿತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂನಲ್ಲಿ ಇನ್ನೂ ಹೆಚ್ಚಿನ ಉಪಕರಣಗಳನ್ನು ಕಂಡರು. ಅತ್ತಿರಂಪಾಕ್ಕಂನ ಅತಿ ಕೆಳಗಿನ ಪದರದ ಉಪಕರಣಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು ಇತ್ತೀಚಿನ ಸಂಶೋಧನೆಗಳು ಹೇಳುತ್ತವೆ.

ಕಲ್ಲು ಸಿಕ್ಕಿದ್ದಕ್ಕಿಂತ ಅದು ಸಿಕ್ಕಿದ ಸ್ಥಳವೇ ಇಲ್ಲಿ ಮುಖ್ಯ. ನೆಲದ ಮೇಲೆ ಬಿದ್ದಿದ್ದ ಕಲ್ಲಿಗೆ ವಯಸ್ಸು ಹೇಳುವಂತಿಲ್ಲ. ಜಂಬಿಟ್ಟಿಗೆಯೊಳಗೆ ಹುದುಗಿದ್ದ ಕಲ್ಲು ಆ ಪದರದಷ್ಟಾದರೂ ಹಳೆಯದಾಗಿರಲೇಬೇಕು. ಜಂಬಿಟ್ಟಿಗೆಯನ್ನು ಕರಾವಳಿಯಲ್ಲಿ ಮುರಕಲ್ಲು ಎನ್ನುತ್ತಾರೆ. ಬಿಸಿಲು ಮಳೆಗಳೆರಡೂ ಹೆಚ್ಚಾಗಿರುವ ಕಡೆ ಶಿಲೆ ಶಿಥಿಲವಾಗಿ, ಕರಗುವ ಸುಣ್ಣದಂಶ ಮತ್ತು ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡು ಉಳಿದು ಗಟ್ಟಿಯಾದಾಗ ಅದು ಉಂಟಾಗುತ್ತದೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವರು ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್.

ಕನ್ನಡ ನಾಡಿನಲ್ಲಿ

ಬೆಳಗಾವಿ, ಧಾರವಾಡ, ಕಲಾದಗಿ ಪ್ರದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಫಲವನ್ನು ಫೂಟ್ ಅವರು 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂಲಕ್ಷಣಗಳ ಕುರಿತ ಗ್ರಂಥವಾಗಿ ಪ್ರಕಟಿಸಿದರು. ಘಟಪ್ರಭಾ–ಮಲಪ್ರಭಾ ಕೊಳ್ಳದ ಮರಳುಗಲ್ಲು ಮತ್ತು ಸುಣ್ಣಶಿಲೆಗಳಿಗೆ ಕಲಾದಗಿ ಶ್ರೇಣಿ ಎಂಬ ಹೆಸರು ಬಂದದ್ದು ಅವರಿಂದ. ಗೋಕಾಕದ ಬಳಿ ಜೇಡಿಮಣ್ಣಿನ ಪದರದಲ್ಲಿ ಅಳಿದುಹೋದ ಘೇಂಡಾಮೃಗವೊಂದರ ಎಲುಬುಗಳನ್ನು ಕಂಡು 1874ರಲ್ಲಿ ಅದನ್ನು ವರ್ಣಿಸಿದರು. ಇಂದು ಕಬ್ಬು, ಜೋಳ ಬೆಳೆಯುವ ಆ ನೆಲದಲ್ಲಿ ಒಮ್ಮೆ ಘೇಂಡಾಮೃಗ ಮೇಯುತ್ತಿತ್ತು ಎಂಬುದು ವಿದ್ಯಾರ್ಥಿಗಳಿಗೆ ಹೇಳಿದಾಗಲೆಲ್ಲ ಅವರ ಕಣ್ಣರಳಿಸುವ ಸಂಗತಿ. ಅದೇ ವರ್ಷ ಗದಗ ಸಮೀಪದ ಕಪ್ಪತಗುಡ್ಡ ಶ್ರೇಣಿಯ ಚಿನ್ನದ ಶಿಲೆಗಳ ಬಗೆಗೂ ಬರೆದರು.

1880ರ ದಶಕದಲ್ಲಿ ಅವರು ಬಳ್ಳಾರಿ ಮತ್ತು ಅನಂತಪುರ ಜಿಲ್ಲೆಗಳ ಸಮೀಕ್ಷೆಯಲ್ಲಿ ತೊಡಗಿದರು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. 1876–78ರ ಮಹಾಕ್ಷಾಮ ಈ ಜಿಲ್ಲೆಯನ್ನು ಹಿಂಡಿ ಹೋಗಿ ಹತ್ತು ವರ್ಷವೂ ಆಗಿರಲಿಲ್ಲ. ಅಂಥ ನೆಲದಲ್ಲಿ ಅವರು ಗುರುತಿಸಿದ ಮುಖ್ಯ ಸಂಗತಿಯೆಂದರೆ ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆಗಳ ನಡುವೆ ಪಟ್ಟಿಪಟ್ಟಿಯಾಗಿ ಹಾಯ್ದಿರುವ ಪದರಶಿಲೆಗಳು ಬೇರೆಯೇ ಒಂದು ಗುಂಪು ಎಂಬುದು. ಧಾರವಾಡದ ಕಡೆ ಇವು ಚೆನ್ನಾಗಿ ಕಾಣುವುದರಿಂದ ಇವಕ್ಕೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟು, 1888–89ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ದಕ್ಷಿಣ ಭಾರತದ ಚಿನ್ನಕ್ಕೆ ಇವೇ ಮುಖ್ಯ ಆಶ್ರಯವೆಂದು ತೋರಿಸಿದರು. ಕೋಲಾರ, ಹಟ್ಟಿ, ಗದಗಗಳ ಚಿನ್ನವೂ ಸಂಡೂರಿನ ಕಬ್ಬಿಣದ ಅದಿರೂ ಈ ಶಿಲೆಗಳಲ್ಲೇ ಇವೆ. ಸಂಡೂರು ಬೆಟ್ಟಗಳ ಹೆಮಟೈಟ್ ಅದಿರಿನ ಸಂಪತ್ತನ್ನು ಅವರು ವಿವರವಾಗಿ ದಾಖಲಿಸಿದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ಬೃಹತ್ ಗ್ರಂಥ, ಅವರು ನಿವೃತ್ತರಾದ ನಂತರ 1895ರಲ್ಲಿ, ಸರ್ವೇಕ್ಷಣಾ ಸಂಸ್ಥೆಯ ಗ್ರಂಥಮಾಲೆಯ 25ನೆಯ ಸಂಪುಟವಾಗಿ ಹೊರಬಂದಿತು.

ಬಳ್ಳಾರಿಯ ನೆಲ ಮತ್ತು ಎರೆಮಣ್ಣಿನ ಪ್ರಶ್ನೆ

ಕಪ್ಪುಮಣ್ಣು ಬಸಾಲ್ಟ್ ಶಿಲೆಯಿಂದ, ಅಂದರೆ ದಖನ್ ಪ್ರಸ್ಥಭೂಮಿಯ ಲಾವಾರಸ ಗಟ್ಟಿಯಾದ ಶಿಲೆಯಿಂದ ಉಂಟಾಗುತ್ತದೆ ಎಂದು ಶಾಲೆಯಲ್ಲಿ ಓದುತ್ತೇವೆ. ಮಹಾರಾಷ್ಟ್ರಕ್ಕೂ ವಿಜಯಪುರ, ಕಲಬುರಗಿ ಕಡೆಗೂ ಇದು ಸರಿ. ಆದರೆ ಬಳ್ಳಾರಿಯ ವಿದ್ಯಾರ್ಥಿ ತನ್ನ ಊರಿನ ಸುತ್ತ ಕಣ್ಣಾಡಿಸಿದರೆ ಬಸಾಲ್ಟ್ ಎಲ್ಲಿಯೂ ಕಾಣುವುದಿಲ್ಲ. ಬಳ್ಳಾರಿ ಕೋಟೆಯ ಗುಡ್ಡ ಗ್ರಾನೈಟ್. ಕುರುಗೋಡಿನ ಬಂಡೆಬೆಟ್ಟಗಳು ಗ್ರಾನೈಟ್. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಮರಣವನ್ನೂ ಖೊಟ್ಟಿಗನ ಪಟ್ಟಾಭಿಷೇಕವನ್ನೂ ತಿಳಿಸುವ 967ರ ಶಾಸನವಿರುವ ಕೊಳಗಲ್ಲಿನ ಸುತ್ತಲ ನೆಲವೂ ಇದೇ ಶಿಲಾಪ್ರದೇಶಕ್ಕೆ ಸೇರಿದೆ. ಹೀಗಿದ್ದರೂ ಬಳ್ಳಾರಿಯಿಂದ ಸಿರುಗುಪ್ಪದವರೆಗೆ, ಹಗರಿ ನದಿಯ ಎರಡೂ ಕಡೆ, ಮೈಲಿಗಟ್ಟಲೆ ಎರೆಭೂಮಿ ಹರಡಿದೆ. ಹಾಗಾದರೆ ಈ ಎರೆ ಎಲ್ಲಿಂದ ಬಂದಿತು?

ಇದು ಫೂಟ್ ಅವರಿಗಿಂತ ಹಿಂದಿನ ಪ್ರಶ್ನೆ. 1840ರ ದಶಕದಲ್ಲಿ ದಕ್ಷಿಣ ಭಾರತದ ಭೂವಿಜ್ಞಾನವನ್ನು ಬರೆದ ಸೈನ್ಯಾಧಿಕಾರಿ ಥಾಮಸ್ ಜಾನ್ ನ್ಯೂಬೋಲ್ಡ್ ಅವರು ಎರೆಮಣ್ಣು ನೀರಿನಲ್ಲಿ ತಂಗಿದ ಕೆಸರೆಂದು ಭಾವಿಸಿದ್ದರು. ಬಸಾಲ್ಟ್ ಕೊಳೆತು ಆದದ್ದೆಂದು ಬೇರೆ ಕೆಲವರು ವಾದಿಸಿದರು. ಫೂಟ್ ಅವರಿಗಿದ್ದ ಅನುಕೂಲವೆಂದರೆ ಅವರು ಎರಡೂ ಬಗೆಯ ಪ್ರದೇಶಗಳನ್ನು ಕಾಲ್ನಡಿಗೆಯಲ್ಲಿ ಕಂಡಿದ್ದರು: ಬಸಾಲ್ಟ್ ಮೇಲೆ ಕೂತ ಬೆಳಗಾವಿ–ಕಲಾದಗಿ ಸೀಮೆಯ ಎರೆ, ಗ್ರಾನೈಟ್ ಮತ್ತು ಪದರಶಿಲೆಗಳ ಮೇಲೆ ಕೂತ ಬಳ್ಳಾರಿಯ ಎರೆ. ದಖನ್ ಲಾವಾಶಿಲೆ ಬಳ್ಳಾರಿಯನ್ನು ಮುಟ್ಟುವುದಿಲ್ಲ ಎಂಬುದು ಈ ಸಮೀಕ್ಷೆಗಳ ನಕ್ಷೆಗಳಲ್ಲಿ ಸ್ಪಷ್ಟ. ಕಪ್ಪುಮಣ್ಣಿಗೂ ಬಸಾಲ್ಟಿಗೂ ಬಿಡಿಸಲಾಗದ ಗಂಟು ಇದೆಯೆಂಬ ಮಾತು ಈ ನಕ್ಷೆಗಳ ಮುಂದೆ ನಿಲ್ಲಲಾರದು.

ಪೂರ್ಣ ಉತ್ತರ ಬಂದದ್ದು ಮಣ್ಣುವಿಜ್ಞಾನ ಪ್ರತ್ಯೇಕ ಶಾಸ್ತ್ರವಾಗಿ ಬೆಳೆದ ಮೇಲೆ. ಫೂಟ್ ಅವರು ಬಳ್ಳಾರಿ ಸೀಮೆಯ ಸಮೀಕ್ಷೆಯಲ್ಲಿದ್ದ ದಶಕದಲ್ಲೇ, 1883ರಲ್ಲಿ, ರಷ್ಯಾದ ವಾಸಿಲಿ ಡೊಕುಚಾಯೆವ್ ತಮ್ಮ ದೇಶದ ಕಪ್ಪುಮಣ್ಣಿನ ಕುರಿತು ಗ್ರಂಥ ಪ್ರಕಟಿಸಿ, ಮಣ್ಣೆಂದರೆ ಕೇವಲ ಪುಡಿಯಾದ ಕಲ್ಲಲ್ಲ; ಶಿಲೆ, ಹವಾಗುಣ, ಸಸ್ಯ–ಪ್ರಾಣಿಗಳು, ನೆಲದ ಏರುತಗ್ಗು, ಕಾಲ ಇವೆಲ್ಲ ಕೂಡಿ ಮಾಡಿದ ಸ್ವತಂತ್ರ ವಸ್ತು ಎಂದು ತೋರಿಸಿದರು. 1941ರಲ್ಲಿ ಹಾನ್ಸ್ ಜೆನ್ನಿ ಈ ಐದು ಅಂಶಗಳ ವಿಚಾರವನ್ನು ಇನ್ನಷ್ಟು ಕ್ರಮಬದ್ಧಗೊಳಿಸಿದರು. ಫೂಟ್ ಅವರ ಮುಖ್ಯ ಆಸಕ್ತಿ ಮಾತ್ರ ಶಿಲೆಯೇ. ಮಣ್ಣು ಅವರಿಗೆ ಶಿಲೆಯ ಮೇಲಿನ ಹೊದಿಕೆ. ಇದನ್ನು ಅವರ ಕಾಲದ ಮಿತಿಯೆನ್ನಬೇಕೇ ಹೊರತು ಅವರ ದೋಷವೆನ್ನಲಾಗದು.

ಐದು ಅಂಶಗಳನ್ನು ಬಳ್ಳಾರಿಗೆ ಹೊಂದಿಸಿ ನೋಡಿದರೆ ಎರೆಯ ಗುಟ್ಟು ಬಿಡುತ್ತದೆ. ಇಲ್ಲಿನ ಗ್ರಾನೈಟ್ ಗುಡ್ಡಗಳನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಒಡ್ಡುಗಳು ಹಾಯ್ದಿವೆ. ಪದರಶಿಲೆಗಳಲ್ಲೂ ಕಪ್ಪು ಖನಿಜಗಳು ಹೇರಳ. ಇವು ಶಿಥಿಲವಾದಾಗ ಸುಣ್ಣ ಮತ್ತು ಮೆಗ್ನೀಷಿಯಂ ಅಂಶ ಬಿಡುಗಡೆಯಾಗುತ್ತದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರಿನಷ್ಟೇ ಮಳೆಯಾಗುವ ಈ ಸೀಮೆಯಲ್ಲಿ ಆ ಅಂಶಗಳು ತೊಳೆದು ಸಮುದ್ರ ಸೇರುವುದಿಲ್ಲ. ದಿಣ್ಣೆಯಿಂದ ಇಳಿದು ತಗ್ಗಿನಲ್ಲಿ ನಿಲ್ಲುತ್ತವೆ. ಅಲ್ಲಿ, ಸಾವಿರಾರು ವರ್ಷಗಳಲ್ಲಿ, ನೀರು ಹೀರಿ ಉಬ್ಬುವ ಒಂದು ಜಾತಿಯ ಜೇಡಿ ಖನಿಜ ರೂಪುಗೊಳ್ಳುತ್ತದೆ. ಅದರ ಹೆಸರು ಮಾಂಟ್‌ಮೊರಿಲೊನೈಟ್. ಇದು ಹೆಚ್ಚಾಗಿರುವ ಮಣ್ಣೇ ಎರೆ. ಬಸಾಲ್ಟ್‌ನಲ್ಲಿ ಬೇಕಾದ ಅಂಶಗಳೆಲ್ಲ ಧಾರಾಳವಾಗಿರುವುದರಿಂದ ಅಲ್ಲಿ ಎರೆ ಸುಲಭವಾಗಿ ಆಗುತ್ತದೆ. ಬಳ್ಳಾರಿಯಲ್ಲಿ ಅಷ್ಟು ಅನುಕೂಲವಿಲ್ಲದಿದ್ದರೂ ಒಣ ಹವೆ ಮತ್ತು ತಗ್ಗುನೆಲ ಆ ಕೊರತೆಯನ್ನು ತುಂಬಿಕೊಟ್ಟಿವೆ.

ಆದ್ದರಿಂದಲೇ ಒಂದೇ ಊರಿನಲ್ಲಿ ಎರಡು ಮಣ್ಣು. ಗುಡ್ಡದ ಬುಡದಲ್ಲಿ ಗರಸು ಬೆರೆತ ಕೆಂಪು ಮಸಾರಿ, ತಗ್ಗಿಗೆ ಇಳಿದಂತೆ ಎರೆ. ಮಸಾರಿಯಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಅಲ್ಲಿ ಮುಂಗಾರಿನ ಸಜ್ಜೆ, ನವಣೆ, ಶೇಂಗಾ. ಎರೆ ಹಿಂಗಾರಿಗೆ ಹೆಸರಾದದ್ದು. ಮಳೆ ನಿಂತ ಮೇಲೂ ಒಳಗೆ ಹಿಡಿದಿಟ್ಟ ತೇವದಿಂದಲೇ ಬಿಳಿಜೋಳ, ಕಡಲೆ, ಹತ್ತಿ ಬರುತ್ತವೆ. ಬೇಸಿಗೆಯಲ್ಲಿ ಎರೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಂದಾಗ ಎಲ್ಲವೂ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೀಗೆ ಮಣ್ಣು ತನ್ನನ್ನು ತಾನೇ ಮಗುಚುವುದರಿಂದ ಎರೆಯಲ್ಲಿ ಮೇಲ್ಪದರ ಕೆಳಪದರಗಳ ಬಣ್ಣವ್ಯತ್ಯಾಸ ಬೇರೆ ಮಣ್ಣುಗಳಲ್ಲಿರುವಷ್ಟು ಸ್ಪಷ್ಟವಾಗಿರುವುದಿಲ್ಲ. ಆಳದಲ್ಲಿ ಕಾಣುವ ಬಿಳಿಯ ಸುಣ್ಣದ ಹರಳುಗಳು ಕಡಿಮೆ ಮಳೆಯ ಗುರುತು. ಕಪ್ಪು ಬಣ್ಣವೆಂದರೆ ಗೊಬ್ಬರದ ಅಂಶ ತುಂಬಿದೆ ಎಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಎರೆಯಲ್ಲಿ ಸಾವಯವ ಅಂಶ ಕಡಿಮೆ; ಇರುವಷ್ಟು ಅಂಶ ಜೇಡಿಯೊಂದಿಗೆ ಗಾಢವಾಗಿ ಬೆಸೆದುಕೊಂಡಿರುವುದೇ ಬಣ್ಣಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ನೀರನ್ನು ಹಿಡಿದಿಡುವ ಗುಣವೇ ಎರೆಗೆ ಅಪಾಯವೂ ಆಗಬಲ್ಲದು. ಜೋರು ಮಳೆ ಬಂದರೆ ಉಬ್ಬಿದ ಎರೆ ನೀರನ್ನು ಒಳಗೆ ಬಿಡದೆ ಹರಿಯಬಿಡುತ್ತದೆ. ನೀರಿನೊಂದಿಗೆ ಮೇಲ್ಮಣ್ಣೂ ಹೋಗುತ್ತದೆ. ಹಗರಿಯ ದಂಡೆಯಲ್ಲಿ ಗಾಳಿ ಹೊತ್ತ ಮರಳು ಹೊಲಗಳ ಮೇಲೆ ಬೀಳುವುದು ಹಳೆಯ ತೊಂದರೆ. ಹಗರಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಒಣಬೇಸಾಯದ ಪ್ರಯೋಗಗಳು ನಡೆದವು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಗಾಗಿ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಆರಂಭವಾಯಿತು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ಭಾಗದ ಎರೆಯಲ್ಲಿ ಇನ್ನೊಂದು ಸಮಸ್ಯೆ ತಲೆದೋರಿತು. ಬಸಿದುಹೋಗದ ನೀರು ನೆಲದಡಿಯ ಲವಣವನ್ನು ಮೇಲಕ್ಕೆ ತಂದು ಕೆಲವು ಹೊಲಗಳನ್ನು ಸವಳು ಮಾಡಿತು.

ಕಲ್ಲುಕೊಡಲಿ ಮತ್ತು ಬೂದಿದಿಬ್ಬ

ಬಳ್ಳಾರಿಯ ಡಾಲರೈಟ್ ಒಡ್ಡುಗಳು ಮಣ್ಣಿಗಷ್ಟೇ ಅಲ್ಲ, ಮನುಷ್ಯನಿಗೂ ಒದಗಿದ್ದವು. ನಗರದ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಈ ಕರಿಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದ ನವಶಿಲಾಯುಗದ ದೊಡ್ಡ ಕಾರ್ಯಾಗಾರವನ್ನು ಫೂಟ್ ಅವರು ಗುರುತಿಸಿದರು. ಅರೆಬರೆ ಕೆತ್ತಿದವು, ಕೆತ್ತುವಾಗ ಮುರಿದವು, ಎದ್ದುಬಿದ್ದ ಚಕ್ಕೆಗಳು, ಉಜ್ಜಿ ಉಜ್ಜಿ ತಗ್ಗಾದ ಬಂಡೆಗಳು ಅಲ್ಲಿ ಈಗಲೂ ಕಾಣಸಿಗುತ್ತವೆ.

ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯ ಬೂದಿದಿಬ್ಬದ ವಿಷಯದಲ್ಲಿ ಅವರ ವಿವೇಚನೆ ಇನ್ನೂ ಗಮನಾರ್ಹ. ಕಿಟ್ಟದಂತೆ ಕರಗಿ ಗಟ್ಟಿಯಾದ ಬೂದಿಯ ಇಂಥ ದಿಬ್ಬಗಳು ಈ ಸೀಮೆಯಲ್ಲಿ ಹಲವು. ಜನ ಅವನ್ನು ಪುರಾಣದ ರಾಕ್ಷಸರ ಬೂದಿಯೆಂದು ನಂಬಿದ್ದರು. ವಿದ್ವಾಂಸರಲ್ಲಿ ಕೆಲವರು ಅವು ಜ್ವಾಲಾಮುಖಿಯ ಅವಶೇಷವೆಂದೂ ಕೆಲವರು ಹೆಣ ಸುಟ್ಟ ಸ್ಥಳವೆಂದೂ ಊಹಿಸಿದ್ದರು. ಅವು ದನದ ಸಗಣಿಯ ರಾಶಿ ಸುಟ್ಟು ಆದವು, ಅಲ್ಲಿ ಸಿಗುವ ಮಡಕೆಚೂರು ಮತ್ತು ಕಲ್ಲುಕೊಡಲಿಗಳ ಕಾಲದ ಪಶುಪಾಲಕರ ದೊಡ್ಡಿಗಳಿಗೆ ಸಂಬಂಧಿಸಿದವು ಎಂಬ ತೀರ್ಮಾನಕ್ಕೆ ಫೂಟ್ ಅವರು ಬಂದರು. ಎಲ್ಲರೂ ಒಪ್ಪಲಿಲ್ಲ. ರಾಬರ್ಟ್ ಸೆವೆಲ್ ಅವರಂಥ ಇತಿಹಾಸಕಾರರು ಬೇರೆ ವಿವರಣೆ ಕೊಟ್ಟರು. ಮುಂದೆ ರೇಮಂಡ್ ಆಲ್ಚಿನ್ ಅವರು ಉಟ್ನೂರಿನಲ್ಲಿ ಉತ್ಖನನ ನಡೆಸಿ ದನದ ಗೊರಸಿನ ಗುರುತುಗಳನ್ನೇ ಕಂಡು, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಫೂಟ್ ಅವರ ಮಾತನ್ನು ಎತ್ತಿಹಿಡಿದರು. ಇಂದು ಸಾಮಾನ್ಯವಾಗಿ ಒಪ್ಪಿತವಾಗಿರುವುದು ಇದೇ ಅಭಿಪ್ರಾಯ. ಹೊಲಕ್ಕೆ ಗೊಬ್ಬರವಾಗಿ ಮತ್ತು ರಸ್ತೆ, ಕಟ್ಟಡಗಳ ಕೆಲಸಕ್ಕಾಗಿ ಅಗೆದದ್ದರಿಂದ ಅನೇಕ ಬೂದಿದಿಬ್ಬಗಳು ನಾಶವಾಗಿವೆ.

ಅವರ ಎಲ್ಲ ತೀರ್ಮಾನಗಳೂ ಉಳಿಯಲಿಲ್ಲ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮನುಷ್ಯರ ಸುಳಿವೇ ಇಲ್ಲದ ದೀರ್ಘ ಅಂತರವಿದೆಯೆಂದು ಅವರು ನಂಬಿದ್ದರು. ಬೆಂಡಪೂಡಿ ಸುಬ್ಬರಾವ್ ಅವರು 1940ರ ದಶಕದಲ್ಲಿ ಸಂಗನಕಲ್ಲಿನಲ್ಲಿ ಅಗೆದಾಗ ನವಶಿಲಾಯುಗದ ಪದರದ ಕೆಳಗೆ ಯಾವ ವಸ್ತುವೂ ಇಲ್ಲದ ಮಣ್ಣು, ಅದರ ಕೆಳಗೆ ಕಿರುಶಿಲೆಯ ಉಪಕರಣಗಳು ದೊರೆತವು. ಫೂಟ್ ಅವರು ಹೇಳಿದ ಅಂತರ ತುಂಬತೊಡಗಿತು. ಅವರ ತಪ್ಪನ್ನು ತೋರಿಸಿದ್ದು ಅವರದೇ ವಿಧಾನ, ಅಂದರೆ ಮಣ್ಣಿನ ಪದರವನ್ನು ಮೇಲಿನಿಂದ ಕೆಳಕ್ಕೆ ಓದುವುದು.

ನಿವೃತ್ತಿಯ ನಂತರ

ನಿವೃತ್ತಿಯ ಬಳಿಕ ಬರೋಡಾ ಸಂಸ್ಥಾನದ ಭೂವಿಜ್ಞಾನಿಯಾಗಿ ಕೆಲಸ ಮಾಡಿ, ಆ ಸಂಸ್ಥಾನದ ಭೂವಿಜ್ಞಾನ ಕುರಿತ ಗ್ರಂಥವನ್ನು 1898ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಆರಂಭದ ವರ್ಷಗಳಲ್ಲೂ ಅವರ ಸೇವೆ ದೊರೆಯಿತು. ಇದಕ್ಕೂ ಮುನ್ನ, 1880ರ ದಶಕದಲ್ಲಿ, ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳ ಉತ್ಖನನದಲ್ಲಿ ಅವರ ಮಗ ಹೆನ್ರಿ ಅವರಿಗೆ ನೆರವಾಗಿದ್ದರು. ಕೊನೆಯ ವರ್ಷಗಳನ್ನು ಸೇಲಂ ಬಳಿಯ ಏರ್ಕಾಡು ಗಿರಿಧಾಮದಲ್ಲಿ ತಮ್ಮ ಸಂಗ್ರಹದ ವಿವರಪಟ್ಟಿ ಸಿದ್ಧಪಡಿಸುತ್ತ ಕಳೆದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಅವರ ಸಂಗ್ರಹವನ್ನು ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡಿತು. ಪ್ರತಿಯೊಂದು ಕಲ್ಲೂ ಎಲ್ಲಿ ಸಿಕ್ಕಿತೆಂಬ ವಿವರ ಅವರ ಪಟ್ಟಿಯಲ್ಲಿದೆ. ಆ ಪಟ್ಟಿ ಮತ್ತು ಅದರ ಟಿಪ್ಪಣಿಗಳು ಅವರು ತೀರಿಕೊಂಡ ಮೇಲೆ 1914 ಹಾಗೂ 1916ರಲ್ಲಿ ಅಚ್ಚಾದವು. ಬಳ್ಳಾರಿ ನಗರದಲ್ಲಿ ಇತ್ತೀಚೆಗೆ ಸ್ಥಾಪಿತವಾದ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯ ಅವರ ಹೆಸರನ್ನು ಹೊತ್ತಿದೆ. ಸಂಗನಕಲ್ಲು ಪರಿಸರದ ನವಶಿಲಾಯುಗದ ಬದುಕನ್ನು ಅಲ್ಲಿ ನೋಡಿ ತಿಳಿಯಬಹುದು.